ಪೊರ್ಕೆ ಅಲ್ಲ, ಪೊರ್ ಏಸೊ: ಸ್ಪೇನ್‌ಗೆ ಹೊಸದಾಗಿ ಬಂದವರಿಗೆ

ಮ್ಯಾಡ್ರಿಡ್‌ಗೆ ಬಂದ ಮೊದಲ ವರ್ಷ, ಸ್ಪ್ಯಾನಿಷ್ ಕ್ಲಾಸಿಗೆ ಒಂದು ದಿನ ಚಕ್ಕರ್ ಹೊಡೆದಿದ್ದೆ. ಮರುದಿನ ಮೇಡಂಗೆ 'ಎಸ್ತಾಬಾ ಎನ್‌ಫೆರ್ಮೊ, ಪೊರ್ಕೆ ನೊ ಫುಯಿ ಅ ಕ್ಲಾಸೆ' ಅಂದೆ. ಹುಷಾರಿರಲಿಲ್ಲ, ಅದಕ್ಕೆ ಬರಲಿಲ್ಲ ಅನ್ನುವುದು ನನ್ನ ಲೆಕ್ಕ. ಅವರಿಗೆ ಕೇಳಿಸಿದ್ದು, ಕ್ಲಾಸಿಗೆ ಬರಲಿಲ್ಲ ಅಂತ ಹುಷಾರು ತಪ್ಪಿತು ಅಂತ! 'ಪೊರ್ಕೆ' ಅಂದರೆ 'ಯಾಕಂದ್ರೆ'. ಅದರ ನಂತರ ಕಾರಣ ಬರಬೇಕು, ಫಲ ಅಲ್ಲ.

ನನಗೆ ಬೇಕಾಗಿದ್ದ ಮಾತು 'ಪೊರ್ ಏಸೊ'. ಏಸೊ ಅಂದರೆ ಅದು. ಪೊರ್ ಸೇರಿದರೆ ಅದರಿಂದ, ಅದಕ್ಕೆ. ನಮ್ಮ ಮಾತಿನ ಹಾಗೇ ಇದೆ, ಅಲ್ವಾ?

ಇನ್ನೊಂದು 'ಅಸೀ ಕೆ'. ಅಸೀ ಅಂದರೆ ಹಾಗೆ, ಆದ್ದರಿಂದ ಇದು ನಮ್ಮ 'ಹಾಗಾಗಿ'. ದಿನಕ್ಕೆ ಹತ್ತು ಸಲ ಬೇಕಾಗುತ್ತದೆ. ಮನೆ ವಿಳಾಸ ನೋಂದಾಯಿಸಲು ನಗರಸಭೆ ಕಚೇರಿಗೆ ಹೋಗಿ, ಮುಂಗಡ ಸಮಯ ತೆಗೆದುಕೊಂಡಿಲ್ಲ ಅಂತಿಟ್ಟುಕೊಳ್ಳಿ: 'ನೊ ತೆಂಗೊ ಥೀತಾ, ಅಸೀ ಕೆ ಬುಯೆಲ್ಬೊ ಮನ್ಯಾನಾ'. ಸಮಯ ತಗೊಂಡಿಲ್ಲ, ಹಾಗಾಗಿ ನಾಳೆ ಬರುತ್ತೇನೆ. ಬರೆಯುವಾಗ ಅಸೀ ಕೆ ಮುಂಚೆ ಅಲ್ಪವಿರಾಮ ಹಾಕಿ.

ಕನ್ನಡದಲ್ಲಿ 'ಮಳೆ ಬರ್ತಿದ್ದರಿಂದ ಹೊರಗೆ ಹೋಗಲಿಲ್ಲ' ಅಂತ ಕಾರಣವನ್ನೇ ಮುಂದೆ ಇಡುತ್ತೇವೆ. ಅದಕ್ಕೆ ಇಲ್ಲಿ 'ಕೋಮೊ' ಇದೆ: 'ಕೋಮೊ ಯೊಬೀಯಾ, ನೊ ಸಲೀ'. ಇಲ್ಲವೇ 'ಯೊಬೀಯಾ, ಅಸೀ ಕೆ ನೊ ಸಲೀ' ಅನ್ನಿ. ಎರಡನ್ನೂ ಒಂದೇ ವಾಕ್ಯಕ್ಕೆ ತುರುಕಬೇಡಿ. ನಮ್ಮವರು ಜಾಸ್ತಿ ಎಡವುವುದು ಇಲ್ಲೇ.

ಬಾಡಿಗೆ ಮನೆ ಹುಡುಕುವಾಗ 'ತಾನ್... ಕೆ' ತಾನಾಗಿಯೇ ಬಾಯಿಗೆ ಬರುತ್ತದೆ. 'ಎಲ್ ಪೀಸೊ ಎಸ್ ತಾನ್ ಕಾರೊ ಕೆ ಬುಸ್ಕೊ ಓತ್ರೊ': ಮನೆ ಎಷ್ಟು ದುಬಾರಿ ಅಂದ್ರೆ, ಬೇರೆ ಹುಡುಕ್ತಿದ್ದೀನಿ.

'ಪೊರ್ ಲೊ ತಾಂತೊ' ಅಂದರೆ 'ಆದ್ದರಿಂದ'. ಅದು ಅರ್ಜಿ, ಪತ್ರಗಳಿಗೆ ಇರಲಿ. ತರಕಾರಿ ಅಂಗಡಿಯಲ್ಲಿ ಅಂದರೆ ವಕೀಲರ ನೋಟಿಸ್ ಓದಿದ ಹಾಗಿರುತ್ತದೆ. 'ದೆ ಆಯೀ ಕೆ' ಅಂತಲೂ ಒಂದಿದೆ, ಅಂದರೆ 'ಹಾಗಾಗಿಯೇ'. ಅದರ ನಂತರ ಬರುವ ಕ್ರಿಯಾಪದದ ರೂಪವೇ ಬದಲಾಗುತ್ತದೆ. ಸದ್ಯಕ್ಕೆ ಓದಿ ಅರ್ಥ ಮಾಡಿಕೊಂಡರೆ ಸಾಕು.

ಫೋನಿನಲ್ಲಿ ಯಾರಾದರೂ 'ಅಸೀ ಕೆ ನಾದಾ' ಅಂದರೆ ಗಾಬರಿ ಬೇಡ. ಪದಕ್ಕೆ ಪದ ಹಿಡಿದರೆ 'ಹಾಗಾಗಿ ಏನೂ ಇಲ್ಲ'. ನಿಜವಾದ ಅರ್ಥ 'ಸರಿ ಹಾಗಾದ್ರೆ, ಇಡ್ತೀನಿ'. ಇಡುವುದು ಮಾತ್ರ ಇನ್ನೂ ಹತ್ತು ನಿಮಿಷದ ಮೇಲೆ, ನಮ್ಮೂರಲ್ಲಿ ಹೊರಟವರು ಬಾಗಿಲಲ್ಲಿ ನಿಂತು ಮಾತಾಡುವ ಹಾಗೆ.