ಬುಕ್ ಒಂದೇ, ಮನೇಲಿ ಕಿಂಡಲ್ ಮೂರು: ಹಂಚ್ಕೊಂಡು ಓದೋದು ಹೇಗೆ?

ಮನೇಲಿ ಒಬ್ರು ಕಿಂಡಲ್ (ಇ-ಬುಕ್ ಓದೋಕಂತಲೇ ಇರೋ ಅಮೆಜಾನಿನ ಡಿವೈಸ್) ತಗೊಂಡ್ರೆ ಸಾಕು, ಸ್ವಲ್ಪ ದಿನಕ್ಕೆ ಇನ್ನೊಂದು ಬರತ್ತೆ, ಹಳೇದು ಅಪ್ಪಂಗೋ ಅತ್ತೆಗೋ ಹೋಗತ್ತೆ, ಆಮೇಲೆ ಶುರು ತಕರಾರು: "ನೀನು ದುಡ್ಡು ಕೊಟ್ಟು ತಗೊಂಡಿರೋ ಬುಕ್ಕು ನನ್ನದ್ರಲ್ಲಿ ಯಾಕೆ ಕಾಣ್ತಿಲ್ಲ?" ಕಾರಣ ಇಷ್ಟೇ. ಇ-ಬುಕ್ ಕೊಂಡಾಗ ಅದು ಕೈಲಿರೋ ಡಿವೈಸ್‌ಗೆ ಸೇರಲ್ಲ, ಅಮೆಜಾನ್ ಅಕೌಂಟ್‌ಗೆ ಸೇರತ್ತೆ, ನಮಗೆ ಸಿಗೋದು ಓದೋ ಲೈಸೆನ್ಸ್ ಮಾತ್ರ. ಅದಕ್ಕೇ ಮೊದಲು ತೀರ್ಮಾನ ಆಗ್ಬೇಕಾದ್ದು ಯಾರ ಅಕೌಂಟ್ ಇಟ್ಕೊಳ್ಳೋದು ಅಂತ.

ಒಂದೇ ಮನೇಲಿ ಇರೋರಿಗೆ ರೇಶನ್ ಕಾರ್ಡ್ ಥರ ಮನೆಗೊಂದೇ ಅಕೌಂಟ್ ಸಾಕು ಅನ್ನೋದು ನನ್ನ ಅಭಿಪ್ರಾಯ. ಯಾರು ಜಾಸ್ತಿ ಪುಸ್ತಕ ಕೊಳ್ತಾರೋ ಅವರ ಅಕೌಂಟ್‌ಗೇ ಎಲ್ಲಾ ಕಿಂಡಲ್‌ಗಳನ್ನ, ಫೋನಲ್ಲಿರೋ ಕಿಂಡಲ್ ಆಪ್‌ಗಳನ್ನ ಜೋಡಿಸಿ. ಸಾಮಾನ್ಯವಾಗಿ ಒಂದು ಬುಕ್ಕನ್ನ ಏಕಕಾಲಕ್ಕೆ 6 ಡಿವೈಸ್‌ವರೆಗೆ ಇಳಿಸ್ಕೋಬಹುದು, ಕೆಲವು ಪ್ರಕಾಶಕರು ಇನ್ನೂ ಕಮ್ಮಿ ಇಟ್ಟಿರ್ತಾರೆ.

ಜೋಡಿಸೋದು ಹೀಗೆ. ಹಳೇ ಕಿಂಡಲ್ ಬೇರೆ ಅಕೌಂಟಲ್ಲಿದ್ರೆ ಸೆಟ್ಟಿಂಗ್ಸ್‌ಗೆ ಹೋಗಿ ಯುವರ್ ಅಕೌಂಟ್ ಅನ್ನೋದ್ರೊಳಗೆ ಡಿರಿಜಿಸ್ಟರ್ ಒತ್ತಿ. ಹಳೇ ಅಕೌಂಟಿನ ಪುಸ್ತಕಗಳು ಆ ಡಿವೈಸ್‌ನಿಂದ ಹೋಗ್ತವೆ, ಗಾಬರಿ ಬೇಡ, ಆ ಅಕೌಂಟಲ್ಲಿ ಹಾಗೇ ಇರ್ತವೆ. ಆಮೇಲೆ ಮನೆ ಅಕೌಂಟಿನ ಮೇಲ್ ಐಡಿ, ಪಾಸ್‌ವರ್ಡ್ ಹಾಕಿ ರಿಜಿಸ್ಟರ್ ಮಾಡಿ. ಓಟಿಪಿ ಅಕೌಂಟ್ ಇರೋರ ಫೋನಿಗೆ ಬರತ್ತಲ್ಲ, ಹಾಗಾಗಿ ಅವರು ಪಕ್ಕದಲ್ಲಿದ್ದಾಗ್ಲೇ ಈ ಕೆಲಸ ಇಟ್ಕೊಳ್ಳಿ.

ಇದಾದ್ಮೇಲೆ ಕಂಪ್ಯೂಟರಲ್ಲಿ ಅಮೆಜಾನ್ ತೆಗೆದು ಮ್ಯಾನೇಜ್ ಯುವರ್ ಕಂಟೆಂಟ್ ಅಂಡ್ ಡಿವೈಸಸ್ ಅನ್ನೋ ಪೇಜಿಗೆ ಹೋಗಿ, ಡಿವೈಸ್‌ಗಳಿಗೆ "ಅಮ್ಮನ ಕಿಂಡಲ್", "ಪುಟ್ಟಿ ಕಿಂಡಲ್" ಅಂತ ನಿಮ್ಮದೇ ಹೆಸರು ಕೊಡಿ. ಮುಂದೆ ಯಾವ ಬುಕ್ ಯಾರಿಗೆ ಕಳಿಸ್ಬೇಕು ಅಂದ್ರೂ ಇದೇ ಪೇಜಲ್ಲಿ ಆರಿಸಿ ಡೆಲಿವರ್ ಅಂದ್ರಾಯ್ತು, ಆ ಕಿಂಡಲ್ ವೈಫೈ ಹಿಡಿದಾಗ ಇಳಿಯತ್ತೆ.

ಕಿಂಡಲ್‌ನ ಮನೆಯವರ ಕೈಗೆ ಕೊಡೋ ಮುಂಚೆ ಮಾತ್ರ ಎರಡು ಸೆಟ್ಟಿಂಗ್ ಸರಿಮಾಡಿ, ಇಲ್ಲಾಂದ್ರೆ ಮನೇಲಿ ಜಗಳ ಗ್ಯಾರಂಟಿ. ಮೊದಲನೇದು ವಿಸ್ಪರ್‌ಸಿಂಕ್. ಒಬ್ರೇ ಫೋನಲ್ಲೂ ಕಿಂಡಲ್‌ನಲ್ಲೂ ಓದ್ತಾ ಇದ್ರೆ ಬಿಟ್ಟ ಪುಟಾನ ನೆನಪಿಟ್ಕೊಳ್ಳೋಕೆ ಇದು ಒಳ್ಳೇದು, ಆದ್ರೆ ಗಂಡ ಹೆಂಡ್ತಿ ಇಬ್ರೂ ಒಂದೇ ಪತ್ತೇದಾರಿ ಕಾದಂಬರಿ ಹಿಡಿದ್ರೆ, ಅವರು 210ನೇ ಪುಟದಲ್ಲಿದ್ದಾರೆ ಅಂತ 40ನೇ ಪುಟದಲ್ಲಿರೋ ನಿಮ್ಮನ್ನ "ಮುಂದಕ್ಕೆ ಹೋಗಣ್ವಾ?" ಅಂತ ಕೇಳತ್ತೆ, ನಿದ್ದೆಗಣ್ಣಲ್ಲಿ ಹೂಂ ಅಂದ್ರೆ ಕೊಲೆಗಾರ ಯಾರು ಅಂತ ಗೊತ್ತಾಗೋಗತ್ತೆ. ಡಿವೈಸ್ ಆಪ್ಷನ್ಸ್‌ನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗಿದೆ ಈ ಸ್ವಿಚ್ಚು. ಇಡೀ ಅಕೌಂಟಿಗೆ ಆಫ್ ಮಾಡೋ ಬದಲು ಎರಡನೆಯವರ ಕಿಂಡಲ್‌ನಲ್ಲಿ ಮಾತ್ರ ಆಫ್ ಮಾಡಿ, ಮೊದಲನೆಯವರ ಫೋನು-ಕಿಂಡಲ್ ಜೋಡಿ ಹಾಗೇ ನಡೀತಿರತ್ತೆ.

ಎರಡನೇದು ಪೇರೆಂಟಲ್ ಕಂಟ್ರೋಲ್ಸ್. ಕಿಂಡಲ್ ಸ್ಟೋರ್ ಓಪನ್ ಇದ್ರೆ ಒಂದು ಬೆರಳು ತಾಕಿದ್ರೂ ನಿಮ್ಮ ಕಾರ್ಡಿಂದ ದುಡ್ಡು ಹೋಗ್ಬಹುದು, ಮಕ್ಕಳೇ ಆಗ್ಬೇಕಿಲ್ಲ, ದೊಡ್ಡೋರೂ ಒತ್ತುತಾರೆ. ಸ್ಟೋರ್ ಮತ್ತೆ ವೆಬ್ ಬ್ರೌಸರ್ ಎರಡನ್ನೂ ಬ್ಲಾಕ್ ಮಾಡಿ, ಪಿನ್ ಹಾಕಿ. ಕ್ಲೌಡ್ ಅನ್ನೋದನ್ನ ಮಾತ್ರ ಮುಟ್ಟಬೇಡಿ, ಅದನ್ನ ಮುಚ್ಚಿದ್ರೆ ನೀವು ಆಗಲೇ ಕೊಂಡಿರೋ ಬುಕ್ಕುಗಳನ್ನೂ ಅವರು ಇಳಿಸ್ಕೊಳ್ಳೋಕೆ ಆಗಲ್ಲ.

ಒಂದೇ ಅಕೌಂಟ್ ಅಂದ್ಮೇಲೆ ಎಲ್ಲರ ಪುಸ್ತಕಾನೂ ಎಲ್ಲರಿಗೂ ಕಾಣತ್ತೆ. ಮಗಳು ಓದ್ತಿರೋ ರೊಮ್ಯಾನ್ಸು ತಾತನ ಲೈಬ್ರರೀಲೂ ಬಂದು ಕೂತಿರತ್ತೆ. ಲೈಬ್ರರಿ ಫಿಲ್ಟರ್‌ನಲ್ಲಿ ಡೌನ್‌ಲೋಡೆಡ್ ಅಂತ ಇಟ್ರೆ ಆ ಕಿಂಡಲ್‌ನಲ್ಲಿ ಇಳಿಸಿರೋದು ಮಾತ್ರ ಕಾಣತ್ತೆ, ಸದ್ಯಕ್ಕೆ ಅಷ್ಟು ಮರೆ ಸಾಕು ಅಂದ್ಕೊಳ್ಳಿ.

ಅಮೆರಿಕದಲ್ಲಿರೋ ಕನ್ನಡದೋರಿಗೆ ಇನ್ನೊಂದು ದಾರಿ ಇದೆ, ಫ್ಯಾಮಿಲಿ ಲೈಬ್ರರಿ ಅಂತ. ಗಂಡ ಹೆಂಡ್ತಿ ಇಬ್ರೂ ಅವರವರ ಅಕೌಂಟ್ ಇಟ್ಕೊಂಡೇ ಕೊಂಡ ಬುಕ್ಕುಗಳನ್ನ ಹಂಚ್ಕೋಬಹುದು, 4 ಮಕ್ಕಳ ಪ್ರೊಫೈಲ್‌ಗಳನ್ನೂ ಸೇರಿಸ್ಬಹುದು. ಕಿಂಡಲ್ ಅನ್‌ಲಿಮಿಟೆಡ್ ಬುಕ್ಕುಗಳು, ಅಂದ್ರೆ ಕೊಳ್ಳದೆ ಚಂದಾ ಕಟ್ಟಿ ಓದೋವು, ಇದರಲ್ಲಿ ಹಂಚೋಕಾಗಲ್ಲ. ಒಂದ್ಸಲ ಆ ಗುಂಪಿಂದ ಹೊರಗೆ ಬಂದ್ರೆ 180 ದಿನ ಇನ್ನೊಂದಕ್ಕೆ ಸೇರೋ ಹಾಗಿಲ್ಲ, ಸುಮ್ನೆ ಟ್ರೈ ಮಾಡಿ ನೋಡೋಣ ಅಂತ ಒಳಗೆ ಹೊರಗೆ ಓಡಾಡಬೇಡಿ.

ಲಾಕ್ ಇಲ್ಲದ ಬುಕ್ಕು, ಅಂದ್ರೆ ಕಾಪಿರೈಟ್ ಮುಗಿದಿರೋದು, ಬರೆದೋರೇ ಫ್ರೀಯಾಗಿ ಕೊಟ್ಟಿರೋದು, ಇಂಥವಕ್ಕೆ ಅಕೌಂಟ್ ಯಾರದ್ದಾದ್ರೂ ಚಿಂತೆ ಇಲ್ಲ. ಪ್ರತಿ ಕಿಂಡಲ್‌ಗೂ ಒಂದು ಮೇಲ್ ಐಡಿ ಇರತ್ತೆ, ಕಿಂಡಲ್ ಡಾಟ್ ಕಾಮ್ ಅಂತ ಕೊನೆ ಆಗತ್ತೆ. ಊರಲ್ಲಿರೋ ಅಣ್ಣನ ಕಿಂಡಲ್‌ಗೆ ಕಳಿಸ್ಬೇಕಾ, ಅವರ ಅಕೌಂಟಿನ ಅಪ್ರೂವ್ಡ್ ಲಿಸ್ಟಿಗೆ ನಿಮ್ಮ ಮೇಲ್ ಐಡಿ ಹಾಕಿಸಿ, ಆಮೇಲೆ ಫೈಲ್ ಅಟ್ಯಾಚ್ ಮಾಡಿ ಕಳಿಸಿ. ಆ ಲಿಸ್ಟಲ್ಲಿ ಹೆಸರಿಲ್ಲ ಅಂದ್ರೆ ಎಷ್ಟು ಸಲ ಕಳಿಸಿದ್ರೂ ಬುಕ್ಕು ಮಾತ್ರ ಬರಲ್ಲ. ಮೇಲ್‌ನಲ್ಲಿ 50 ಎಂಬಿ ಮಿತಿ, ಸೆಂಡ್ ಟು ಕಿಂಡಲ್ ಅನ್ನೋ ಅಮೆಜಾನ್ ವೆಬ್ ಪೇಜಿಂದ ಕಳಿಸಿದ್ರೆ 200 ಎಂಬಿ. ಇ-ಬುಕ್ ಫೈಲ್‌ಗಳಲ್ಲಿ ಇಪಬ್ ಅನ್ನೋ ಥರದ್ದು ಈಗ ನೇರ ಹೋಗತ್ತೆ, ಹಳೇ ಮೋಬಿ ಥರದ್ದು ಹೋಗಲ್ಲ, ಕ್ಯಾಲಿಬರ್ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಇಪಬ್‌ಗೆ ಬದಲಾಯಿಸ್ಕೊಳ್ಳಿ. ವಾಟ್ಸಾಪ್ ಗ್ರೂಪಲ್ಲಿ ಓಡಾಡೋ ಹೊಸ ಪುಸ್ತಕಗಳ ಪಿಡಿಎಫ್ ಈ ಲೆಕ್ಕಕ್ಕೆ ಬರಲ್ಲ, ಅದು ಲೇಖಕರ ಹೊಟ್ಟೆ ಮೇಲೆ ಹೊಡೆಯೋ ಕೆಲಸ.

ಇನ್ನು ಕನ್ನಡ. 2016ರ ಡಿಸೆಂಬರಲ್ಲಿ ಕಿಂಡಲ್ ಸ್ಟೋರಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಒಟ್ಟಿಗೆ ಬಂದಾಗ ಆ ಪಟ್ಟೀಲಿ ನಮ್ಮ ಭಾಷೆ ಇರ್ಲಿಲ್ಲ. ಹಾಗಾಗಿ ಕನ್ನಡ ಇ-ಬುಕ್ ಕೊಳ್ಳೋರು ಗೂಗಲ್ ಪ್ಲೇ ಬುಕ್ಸ್, ಮೈಲ್ಯಾಂಗ್ ಥರದ ಕಡೆ ಕೊಂಡು ಫೋನು ಟ್ಯಾಬಲ್ಲೇ ಓದೋದು. ಅಮ್ಮ ಕನ್ನಡ ಮಾತ್ರ ಓದ್ತಾರೆ ಅಂದ್ರೆ ಅವರಿಗೆ ಕಿಂಡಲ್ ಬದಲು ಸ್ವಲ್ಪ ದೊಡ್ಡ ಸ್ಕ್ರೀನಿನ ಟ್ಯಾಬ್ ಕೊಡ್ಸೋದೇ ವಾಸಿ.

ಹಳೇ ಕನ್ನಡ ಪಿಡಿಎಫ್ ಕಿಂಡಲ್‌ಗೆ ಹಾಕಲೇಬೇಕು ಅಂದ್ರೆ ಕನ್ವರ್ಟ್ ಮಾಡೋಕೆ ಹೋಗ್ಬೇಡಿ. ಯುನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಅರ್ಥ ಆಗೋ ಅಕ್ಷರ ಪದ್ಧತಿ) ಅಲ್ಲದ ನುಡಿ, ಬರಹ ಫಾಂಟಲ್ಲಿ ಟೈಪ್ ಆಗಿರೋ ಫೈಲ್ ಕನ್ವರ್ಟ್ ಆದ್ರೆ ಅಕ್ಷರದ ಜಾಗದಲ್ಲಿ ಇಂಗ್ಲಿಷ್ ಚಿಹ್ನೆಗಳ ಕಲಸುಮೇಲೋಗರ ಬರತ್ತೆ. ಪಿಡಿಎಫ್‌ನ ಪಿಡಿಎಫ್ ಆಗೇ ಇಡಿ, ಕೇಬಲ್ ಹಾಕಿ ಡಾಕ್ಯುಮೆಂಟ್ಸ್ ಫೋಲ್ಡರ್‌ಗೆ ಕಾಪಿ ಮಾಡಿ. ಕೊಂಡ ಬುಕ್ಕನ್ನ ಕಂಪ್ಯೂಟರಿಗೆ ಇಳಿಸ್ಕೊಂಡು ಕೇಬಲಲ್ಲಿ ಹಾಕೋ ಸೌಲಭ್ಯ 2025ರ ಫೆಬ್ರವರಿ 26ಕ್ಕೆ ನಿಂತೋಯ್ತು, ಆದ್ರೆ ನಿಮ್ಮದೇ ಫೈಲುಗಳಿಗೆ ಕೇಬಲ್ ಈಗಲೂ ನಡಿಯತ್ತೆ. ಅಕ್ಷರ ಸಣ್ಣ ಅನ್ಸಿದ್ರೆ ಲ್ಯಾಂಡ್‌ಸ್ಕೇಪ್ ಮಾಡ್ಕೊಂಡು ಅರ್ಧರ್ಧ ಪುಟ ಓದಬಹುದು.