ಟಿವಿ ರೆಕಾರ್ಡಿಂಗ್ ಡಿವಿಡಿಗೆ: ಚಿತ್ರ ಕೆಡದಂತೆ ಬರ್ನ್ ಮಾಡುವುದು ಹೇಗೆ?

ಟಿವಿಯಿಂದ ರೆಕಾರ್ಡ್ ಮಾಡಿದ ಕಾರ್ಯಕ್ರಮವನ್ನು ಡಿವಿಡಿಗೆ ಹಾಕಬೇಕೆಂದರೆ ಬಹಳ ಜನ ಮೊದಲು ಹುಡುಕುವುದು ಒಂದು ಕನ್ವರ್ಟರ್. ಕಂಪ್ಯೂಟರ್ ಗಂಟೆಗಟ್ಟಲೆ ಓಡುತ್ತದೆ. ಕೊನೆಗೆ ಸಿಗುವ ಚಿತ್ರ ಮೂಲಕ್ಕಿಂತ ಮಂಕಾಗಿರುತ್ತದೆ. ಎಷ್ಟೋ ಸಲ ಇಷ್ಟೆಲ್ಲ ಬೇಕಾಗಿಯೇ ಇರುವುದಿಲ್ಲ. ಎಸ್‌ಡಿ ಡಿಜಿಟಲ್ ಪ್ರಸಾರದಲ್ಲಿ ಹೆಚ್ಚಾಗಿ ಬಳಕೆಯಾದದ್ದು ಎಂಪೆಗ್-2 ಎಂಬ, ವಿಡಿಯೊ ಕುಗ್ಗಿಸಿಡುವ ವಿಧಾನ. ಡಿವಿಡಿ ಪ್ಲೇಯರ್ ಕೇಳುವುದೂ ಅದನ್ನೇ.

ಎಂಪೆಗ್-2 ಫೈಲನ್ನು ಬಿಚ್ಚಿ ಮತ್ತೆ ಎಂಪೆಗ್-2 ಮಾಡಿದರೆ ಪ್ರತಿ ಸಲವೂ ಒಂದಿಷ್ಟು ವಿವರ ಹೋಗುತ್ತದೆ. ಕತ್ತಲೆಯ ದೃಶ್ಯ ನೋಡಿ, ಕಪ್ಪು ಗೋಡೆಯ ಮೇಲೆ ಚೌಕ ಚೌಕ ಕಾಣುತ್ತದೆ. ತೆರೆಯ ಮೇಲಿನ ಸಣ್ಣ ಅಕ್ಷರಗಳ ಅಂಚಿನಲ್ಲಿ ಮಸುಕು ಏಳುತ್ತದೆ. ಹೋದ ವಿವರ ಮತ್ತೆ ಬರುವುದಿಲ್ಲ.

ಹಾಗಾಗಿ ಮೊದಲ ಕೆಲಸ, ಫೈಲಿನೊಳಗೆ ಏನಿದೆ ಎಂದು ನೋಡುವುದು. ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ ಸಾಕು. ವಿಡಿಯೊ ಎಂಪೆಗ್-2 ಇರಬೇಕು. ಅಳತೆ ಪಾಲ್ ಪದ್ಧತಿಯಲ್ಲಿ (ಭಾರತದ ಟಿವಿ ಪದ್ಧತಿ) 720×576, 704×576 ಅಥವಾ 352×576 ಇರಬೇಕು. ಎನ್‌ಟಿಎಸ್‌ಸಿ (ಅಮೆರಿಕ, ಜಪಾನ್ ಕಡೆಯ ಪದ್ಧತಿ) ಆದರೆ 576ರ ಜಾಗದಲ್ಲಿ 480. ವಿಡಿಯೊ ಬಿಟ್‌ರೇಟ್ ಸೆಕೆಂಡಿಗೆ 9.8 ಮೆಗಾಬಿಟ್ ದಾಟಬಾರದು. ಆಡಿಯೊ 48 ಕಿಲೋಹರ್ಟ್ಸ್‌ನದ್ದಾಗಿರಬೇಕು. ಆಡಿಯೊ ಒಂದೇ ಹೊಂದದಿದ್ದರೆ ಅದನ್ನಷ್ಟೇ ಬದಲಿಸಿ, ವಿಡಿಯೊ ಮುಟ್ಟಬೇಡಿ. ಕೆಲವು ಚಾನೆಲ್‌ಗಳ ಅಳತೆ 544×576 ಇರುತ್ತದೆ. ಅದು ಡಿವಿಡಿ ನಿಯಮದಲ್ಲಿಲ್ಲ. ಎಲ್ಲ ಪ್ಲೇಯರ್‌ನಲ್ಲೂ ಓಡಲೇಬೇಕೆಂದರೆ ಅಲ್ಲಿ ರೀಎನ್‌ಕೋಡ್, ಅಂದರೆ ಬಿಚ್ಚಿ ಮತ್ತೆ ಕುಗ್ಗಿಸುವ ಕೆಲಸ, ಮಾಡಲೇಬೇಕು. ಎಚ್‌.264 ಎಂಬ ಇನ್ನೊಂದು ವಿಧಾನದ ಅಥವಾ ಎಚ್‌ಡಿ ರೆಕಾರ್ಡಿಂಗ್‌ಗೂ ಅಷ್ಟೇ.

ಎಲ್ಲ ಸರಿಯಿದ್ದರೆ ಮುಂದಿನದು ಡಬ್ಬಿ, ಅಂದರೆ ವಿಡಿಯೊ, ಆಡಿಯೊ ಕಟ್ಟಿಟ್ಟ ಫೈಲಿನ ರೂಪ, ಬದಲಿಸುವ ಕೆಲಸ ಮಾತ್ರ. ಪ್ರಸಾರದ ಟಿಎಸ್ ಫೈಲು 188 ಬೈಟ್‌ನ ಪುಟ್ಟ ಪ್ಯಾಕೆಟ್‌ಗಳಲ್ಲಿರುತ್ತದೆ, ಡಿವಿಡಿಯದ್ದು 2048 ಬೈಟ್‌ನ ಪ್ಯಾಕ್. ಪ್ರಾಜೆಕ್ಟ್‌ಎಕ್ಸ್ ತಂತ್ರಾಂಶ ವಿಡಿಯೊ, ಆಡಿಯೊ ಬೇರ್ಪಡಿಸುತ್ತದೆ. ಸಿಗ್ನಲ್ ಕೈಕೊಟ್ಟ ಕಡೆ ಮಾತು ತುಟಿಗೆ ಹೊಂದದೆ ಹೋಗುವುದನ್ನೂ ಸರಿಮಾಡುತ್ತದೆ. ಈ ಹಂತವನ್ನು ಬಿಡಲೇಬೇಡಿ.

ಜಾಹೀರಾತು ಕತ್ತರಿಸುವಾಗ ಸ್ವಲ್ಪ ತಾಳ್ಮೆ ಬೇಕು. ಎಂಪೆಗ್‌ನಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರವಲ್ಲ. ಐ-ಫ್ರೇಮ್ ಮಾತ್ರ ಪೂರ್ತಿ, ಉಳಿದವು ಅಕ್ಕಪಕ್ಕದವುಗಳನ್ನು ನೆಚ್ಚಿಕೊಂಡಿರುತ್ತವೆ. ಹೀಗಾಗಿ ಹೊಸ ತುಣುಕು ಐ-ಫ್ರೇಮ್‌ನಿಂದಲೇ ಶುರುವಾಗಬೇಕು. ಪಾಲ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್. 12 ಫ್ರೇಮಿಗೊಂದು ಐ-ಫ್ರೇಮ್ ಇದ್ದರೆ ನೀವು ಬಯಸಿದ ಜಾಗಕ್ಕಿಂತ ಹೆಚ್ಚೆಂದರೆ ಅರ್ಧ ಸೆಕೆಂಡು ಆಚೀಚೆ ಆಗುತ್ತದೆ. ಅಷ್ಟು ಪರವಾಗಿಲ್ಲ ಅಲ್ವಾ? ನಿಖರವಾಗಿಯೇ ಬೇಕೆನ್ನುವವರಿಗೆ ಬೇರೆ ತಂತ್ರಾಂಶಗಳಿವೆ. ಅವು ಕತ್ತರಿಸಿದ ಜಾಗದ ಕೆಲವೇ ಫ್ರೇಮ್‌ಗಳನ್ನು ಹೊಸದಾಗಿ ಎನ್‌ಕೋಡ್ ಮಾಡಿ ಉಳಿದದ್ದನ್ನು ಹಾಗೇ ಬಿಡುತ್ತವೆ.

ಇನ್ನು ಆಥರಿಂಗ್, ಅಂದರೆ ಮೆನು ಸೇರಿಸಿ ಡಿವಿಡಿಯ ರೂಪಕ್ಕೆ ತರುವ ಕೆಲಸ. ಜಾಸ್ತಿ ಜನ ಎಡವುವುದು ಇಲ್ಲೇ. ಇಷ್ಟು ಜೋಪಾನವಾಗಿ ತಂದ ಫೈಲನ್ನು ಮೆನು ಮಾಡುವ ತಂತ್ರಾಂಶ ನಿಮ್ಮನ್ನು ಕೇಳದೆ ರೀಎನ್‌ಕೋಡ್ ಮಾಡಿಬಿಡಬಹುದು. ಡಿವಿಡಿಸ್ಟೈಲರ್ ಬಳಸಿದರೆ ವಿಡಿಯೊದ ಪ್ರಾಪರ್ಟೀಸ್‌ಗೆ ಹೋಗಿ ಫಾರ್ಮ್ಯಾಟ್ ‘ಕಾಪಿ’ ಎಂದಿದೆಯೇ ನೋಡಿ. ಆಡಿಯೊಗೂ ಹಾಗೇ ಮಾಡಿ. ಒಂದು ಗಂಟೆಯ ರೆಕಾರ್ಡಿಂಗ್ ಕೆಲವೇ ನಿಮಿಷದಲ್ಲಿ ಮುಗಿದರೆ ಅದು ಬರೀ ನಕಲಾಗಿದೆ. ತಾಸುಗಟ್ಟಲೆ ಹಿಡಿಯುತ್ತಿದ್ದರೆ ನಿಲ್ಲಿಸಿ, ಸೆಟ್ಟಿಂಗ್ ನೋಡಿ.

ಒಂದು ಪದರದ ಡಿಸ್ಕ್‌ನಲ್ಲಿ 4.7 ಜಿಬಿ ಜಾಗವಿದೆ. ಸೆಕೆಂಡಿಗೆ 5 ಮೆಗಾಬಿಟ್‌ನ ರೆಕಾರ್ಡಿಂಗ್ ಸುಮಾರು ಎರಡು ಗಂಟೆ ಹಿಡಿಸುತ್ತದೆ. ಅದಕ್ಕಿಂತ ಉದ್ದವಿದ್ದರೆ ಸುಮ್ನೆ ಕುಗ್ಗಿಸುವ ಬದಲು ಎರಡು ಡಿಸ್ಕ್‌ಗೆ ಹಂಚಿ. ಬರ್ನ್ ಮಾಡುವ ಮುಂಚೆ ಆಥರಿಂಗ್‌ನಲ್ಲಿ ಸಿಗುವ ವಿಡಿಯೊ_ಟಿಎಸ್ ಫೋಲ್ಡರನ್ನು ಕಂಪ್ಯೂಟರಿನಲ್ಲೇ ಓಡಿಸಿ. ಕತ್ತರಿಸಿದ ಜಾಗಗಳನ್ನೂ ಕೊನೆಯ ಐದು ನಿಮಿಷವನ್ನೂ ನೋಡಿ. ಮಾತು ತುಟಿಗೆ ಸರಿಯಾಗಿ ಕೂತಿದ್ದರೆ ಡಿಸ್ಕ್ ಹಾಕಿ.