ಕೃತಕ ಕಾಲು: ಹೆಜ್ಜೆಗಿಂತ ಮೊದಲು ಸಾಕ್ಸ್ ಲೆಕ್ಕ

ಮೊಣಕಾಲಿನ ಕೆಳಗೆ ಕಾಲು ತೆಗೆಸಿಕೊಂಡವರು ಯಾರ ಹಂಗೂ ಇಲ್ಲದೆ ಓಡಾಡಬೇಕಾದರೆ ಮೊದಲು ಕಲಿಯಬೇಕಾದ್ದು ನಡಿಗೆಯನ್ನಲ್ಲ, ಕೃತಕ ಕಾಲಿನ ಮೇಲ್ತುದಿಯ ಬಟ್ಟಲಿನಂಥ ಸಾಕೆಟ್‌ನೊಳಗೆ ಕಾಲು ಸರಿಯಾಗಿ ಕೂತಿದೆಯೇ ಎಂದು ಗುರುತಿಸುವುದನ್ನು.

ತಯಾರಿ ಗಾಯ ಮಾಗುವಾಗಲೇ ಶುರುವಾಗಬೇಕು. ಮಂಡಿಯ ಕೆಳಗೆ ದಿಂಬು ಇಡಬೇಡಿ. ಹಾಯೆನಿಸುತ್ತದೆ, ನಿಜ, ಆದರೆ ಮಂಡಿ ಮಡಚಿದಂತೆಯೇ ಬಿಗಿದುಕೊಂಡರೆ ಮುಂದೆ ಎಂಥ ದುಬಾರಿ ಕಾಲು ತೊಟ್ಟರೂ ಕುಂಟು ತಪ್ಪದು. ಎಲಾಸ್ಟಿಕ್ ಬ್ಯಾಂಡೇಜನ್ನು 8ರ ಆಕಾರದಲ್ಲಿ, ತುದಿಗೆ ಬಿಗಿಯಾಗಿ, ಮೇಲೆ ಹೋದಂತೆ ಸಡಿಲವಾಗಿ ಸುತ್ತಿ. ಬಳೆಯಂತೆ ಸುತ್ತಿದರೆ ರಕ್ತ ಕಟ್ಟಿ ತುದಿ ಊದುತ್ತದೆ.

ತೊಡುವಾಗ ಲೈನರನ್ನು (ಚರ್ಮದ ಮೇಲೆ ತೊಡುವ ಮೆತ್ತನೆಯ ಹೊದಿಕೆ) ಒಳಹೊರಗು ಮಾಡಿ, ತಳವನ್ನು ಕಾಲಿನ ತುದಿಗೆ ಗಾಳಿ ಉಳಿಯದಂತೆ ಒತ್ತಿ, ಮೇಲಕ್ಕೆ ಸುರುಳಿ ಬಿಡಿಸಿ. ಎಳೆಯಬೇಡಿ. ಗಾಳಿ ಸಿಕ್ಕಿಕೊಂಡ ಕಡೆ ಗುಳ್ಳೆ ಏಳುತ್ತದೆ. ತುದಿಯಲ್ಲಿ ಸಾಕೆಟ್ಟಿನ ಲಾಕಿಗೆ ಕೂರುವ ಪಿನ್ ಇರುವ ಲೈನರಾದರೆ, ಅದರ ಮೇಲೆ ತೊಡುವ ಸಾಕ್ಸ್‌ನ ತೂತಿನಿಂದ ಪಿನ್ ಪೂರ್ತಿ ಹೊರಬಂದಿರಲಿ. ನೂಲು ಸಿಕ್ಕಿಕೊಂಡರೆ ಲಾಕ್ ಬಿಚ್ಚಲು ಪಡಿಪಾಟಲು. ಪ್ಯಾಂಟ್ ಮತ್ತು ಶೂಗಳನ್ನು ಕೃತಕ ಕಾಲಿಗೆ ಮೊದಲೇ ಹಾಕಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಈಗ ಸಾಕ್ಸ್ ಲೆಕ್ಕ. ಕತ್ತರಿಸಿದ ಮೇಲೆ ಉಳಿದ ಕಾಲಿನ ಭಾಗ ದಿನವಿಡೀ ಸೊರಗುತ್ತದೆ, ಮೊದಲ ವರ್ಷವಂತೂ ತಿಂಗಳಿಂದ ತಿಂಗಳಿಗೆ ಸಣ್ಣದಾಗುತ್ತದೆ. ಬೆಳಿಗ್ಗೆ 1 ಪ್ಲೈ (ಸಾಕ್ಸ್ ದಪ್ಪದ ಅಳತೆ) ಸಾಕಾದವರಿಗೆ ಸಂಜೆಗೆ 3 ಪ್ಲೈ ಬೇಕಾಗಬಹುದು. ಮಂಡಿಚಿಪ್ಪಿನ ಕೆಳಅಂಚು ಒತ್ತುತ್ತಿದ್ದರೆ, ತುದಿ ತಳಕ್ಕೆ ತಾಗಿ ನೋಯುತ್ತಿದ್ದರೆ, ಕಾಲು ಕೆಳಗಿಳಿದಿದೆ. ಒಂದು ಸಾಕ್ಸ್ ಸೇರಿಸಿ. ಕೃತಕ ಕಾಲೇ ಉದ್ದವಾದಂತೆ ಅನ್ನಿಸಿದರೆ, ಪಿನ್‌ನ ಕ್ಲಿಕ್ ಎಂದಿಗಿಂತ ಕಡಿಮೆ ಕೇಳಿಸಿದರೆ, ಒಂದು ತೆಗೆಯಿರಿ. ಮನೆಯಿಂದ ಹೊರಟಾಗ ಚೀಲದಲ್ಲಿ ಬೇರೆ ಬೇರೆ ದಪ್ಪದ ಎರಡು ಮೂರು ಸಾಕ್ಸ್ ಇರಲೇಬೇಕು. ಒಟ್ಟು 10 ಪ್ಲೈ ದಾಟಿದರೆ ಸಾಕ್ಸ್ ಪೇರಿಸುವುದು ಬಿಟ್ಟು ತಂತ್ರಜ್ಞರಿಗೆ ತೋರಿಸಿ, ಸಾಕೆಟ್ಟೇ ಬದಲಾಗಬೇಕಾದೀತು.

ಮೊದಲ ದಿನ ಒಂದು ಗಂಟೆ ತೊಟ್ಟರೆ ಸಾಕು, ಅದರಲ್ಲಿ ನಡಿಗೆ ಅರ್ಧ ಗಂಟೆ ಮೀರದಿರಲಿ. ಬಿಚ್ಚಿ, ಕನ್ನಡಿ ಹಿಡಿದು ಹಿಂಭಾಗವನ್ನೂ ನೋಡಿ. ಕೆಂಪು 15–20 ನಿಮಿಷದಲ್ಲಿ ಮಾಸಿದರೆ ಮರುದಿನ ಸಮಯ ಹೆಚ್ಚಿಸಿ. ಮಾಸದಿದ್ದರೆ ತೊಡುವುದನ್ನು ನಿಲ್ಲಿಸಿ, ತೋರಿಸಿ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಡಿಮೆಯಾದವರು ನೋವನ್ನು ನಂಬಿ ಕೂರಬಾರದು, ಕಣ್ಣನ್ನೇ ನಂಬಬೇಕು.

ಊರುಗೋಲು ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿರಲಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೃತಕ ಕಾಲು ಮೊದಲು. ಕೃತಕ ಕಾಲನ್ನು ಹೊಂದಿಸಿದಾಗ ಇದ್ದ ಶೂಗಿಂತ ಹಿಮ್ಮಡಿ ಎತ್ತರ ಬೇರೆಯಿರುವ ಶೂ ಹಾಕಬೇಡಿ: ಹೆಚ್ಚಾದರೆ ಮಂಡಿ ಮುಂದಕ್ಕೆ ತಳ್ಳಿದಂತಾಗುತ್ತದೆ, ತಗ್ಗಿದರೆ ಹಿಂದಕ್ಕೆ.

ಲೈನರನ್ನು ರಾತ್ರಿ ಸೌಮ್ಯ ಸೋಪಿನಲ್ಲಿ ತೊಳೆದು ಆರಹಾಕಿ. ಮಲಗುವ ಮುನ್ನ ವಾಕರನ್ನೋ ಊರುಗೋಲುಗಳನ್ನೋ ಕೈಗೆಟಕುವಲ್ಲೇ ಇಡಿ. ನಿದ್ದೆಗಣ್ಣಿನಲ್ಲಿ ಎದ್ದಾಗ ಇಲ್ಲದ ಕಾಲು ಇದೆಯೆಂದೇ ಮಿದುಳು ಹೇಳುತ್ತದೆ. ಅದನ್ನು ನಂಬಿ ನೆಲಕ್ಕೂರಲು ಹೋಗಿ ಬೀಳುವವರಿದ್ದಾರೆ.